ಇಬ್ಬರ ಹಾಸಿಗೆ

ರಾತ್ರಿಪಾಳಿ ಮುಗಿಸಿ ಬಂದ ಓಪಲ್ ಹೊದಿಕೆಯೊಳಗೆ ಕಾಲು ಚಾಚಿದಳು. ಹಾಸಿಗೆ ತಣ್ಣಗಿತ್ತು. ಡೆಟ್ರಾಯಿಟ್‌ನ ಕಾರ್ಖಾನೆಗಳು ಯುದ್ಧವಿಮಾನ ಮಾಡತೊಡಗಿದ ಮೇಲೆ ಬಾಡಿಗೆಮನೆಯ ಹಾಸಿಗೆಗೂ ಪಾಳಿ ಬಂದಿತ್ತು. ಹಗಲು ಓಪಲ್, ರಾತ್ರಿ ವರ್ನಾ. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ತನ್ನ ಗಂಡ ಸಮುದ್ರದಾಚೆ ಯುದ್ಧಕ್ಕೆ ಹೋದಮೇಲೆ, ವರ್ನಾ ಬಿಟ್ಟೆದ್ದ ಬಿಸುಪಿನಲ್ಲೇ ಓಪಲ್‌ಗೆ ನಿದ್ದೆ ಹತ್ತುತ್ತಿತ್ತು.

ಇವತ್ತು ಆ ಬಿಸುಪಿರಲಿಲ್ಲ. ಓಪಲ್ ಎದ್ದು ಮಹಡಿಯಿಂದ ಕೆಳಗಿಳಿದಳು. ಅಡುಗೆಮನೆಯಲ್ಲಿ ಊಟದ ಡಬ್ಬಿ ಹಿಡಿದು ಕೂತಿದ್ದ ಹೆಂಗಸೊಬ್ಬಳು ದಡಬಡಿಸಿ ಎದ್ದಳು. "ನೀವು ಹಗಲಿನವರಲ್ವಾ? ಹೋಗಿ ಮಲಗಿ ಅಕ್ಕ. ನಾನು ಹೊರಟೆ."

"ರಾತ್ರಿ ಮಲಗಲೇ ಇಲ್ವಾ?"

"ಸಂಜೆ ತಂತಿ ಬಂತು. ಯುದ್ಧದಲ್ಲಿ ನಮ್ಮವರು ಹೋಗ್ಬಿಟ್ರಂತೆ. ಇಲ್ಲಿ ಕೂತು ಏನ್ಮಾಡ್ಲಿ, ಕೆಲಸಕ್ಕಾದ್ರೂ ಹೋಗ್ತೀನಿ."

ಓಪಲ್ ಡಬ್ಬಿ ಕಸಿದು ಮೇಜಿನ ಮೇಲಿಟ್ಟಳು. ಕೈಹಿಡಿದು ಮಹಡಿಗೆ ಕರೆದೊಯ್ದು, ಅವಳನ್ನು ಗೋಡೆಯ ಕಡೆ ಮಲಗಿಸಿ, ತಾನೂ ಪಕ್ಕದಲ್ಲಿ ಒರಗಿದಳು. ಆಗ ವರ್ನಾ ಬಾಯಿಬಿಟ್ಟು ಅತ್ತಳು.