ಗೋದಲಿಯ ಹಿಮ

ಡಾಕ್ಟರ್ ತಾರಾನಾಥರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಬೊಂಬಾಯಿಯಲ್ಲಿ ಎಂತ ಕೆಲಸ ಪೊರ್ಬುಗಳೇ?" ಎಂದು ಊರಿನವರು ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ಕೇಳಿದರು.

"ಕಲ್ನಾರಿನ ಕಾರ್ಖಾನೆ, ಆಸ್ಬೆಸ್ಟಾಸ್. ಹದಿನೆಂಟು ವರ್ಷ," ಎಂದು ಸ್ಟ್ಯಾನಿಸ್ಲಾಸ್ ಕೆಮ್ಮಿದ. "ಒಳ್ಳೆ ಸಾಮಾನು ಡಾಕ್ಟ್ರೇ. ಬೆಂಕಿಗೆ ಹಾಕಿದರೂ ಸುಡುವುದಿಲ್ಲ."

"ಎದೆಯೊಳಗೆ ಹೋದರೂ ಕರಗುವುದಿಲ್ಲ. ಅದರ ಧೂಳು ಕೂತಿದೆ. ತೆಗೆಯಲಿಕ್ಕೆ ಮದ್ದಿಲ್ಲ. ಬೀಡಿ ಇವತ್ತೇ ಬಿಡಿ. ವರ್ಷಕ್ಕೊಮ್ಮೆ ಉಡುಪಿಗೆ ಬಂದು ಎಕ್ಸ್‌ರೇ ತೆಗೆಸಿ."

ಎದೆಯ ಸುದ್ದಿಗೆ ಹೆದರದವನು ಬೀಡಿಯ ಮಾತಿಗೆ ಮುಖ ಸಣ್ಣ ಮಾಡಿದ. ಏಳಲು ಹೊರಟು ಮತ್ತೆ ಕೂತ. "ಒಂದು ಕೇಳಲಿಕ್ಕುಂಟು. ವರ್ಷಕ್ಕೆ ಒಂದೆರಡು ದಿನ ಕಲ್ನಾರು ಮುಟ್ಟಿದವರಿಗೂ ಹೀಗಾಗುತ್ತದಾ?"

"ಯಾರು ಮುಟ್ಟಿದ್ದು?"

ಸ್ಟ್ಯಾನಿಸ್ಲಾಸ್ ಹೇಳಿದ. ಐವತ್ತೊಂಬತ್ತರ ಕ್ರಿಸ್‌ಮಸ್‌ಗೆ ಕಾರ್ಕಳದ ಆಚೆ ಅವನೂರಿನ ಇಗರ್ಜಿಯಲ್ಲಿ ಮೇಣದಬತ್ತಿ ತಾಗಿ, ಯೇಸು ಹುಟ್ಟಿದ ಗೋದಲಿಯ ಮೇಲೆ ಹಿಮವೆಂದು ಹರಡಿದ್ದ ಹತ್ತಿ ಹೊತ್ತಿಕೊಂಡಿತ್ತು. ಮೂವರು ಅರಸರ ಬೊಂಬೆಗಳಲ್ಲಿ ಒಂದರ ಗಡ್ಡವೂ ಹೋಯಿತು. ಮರುವರ್ಷ ರಜೆಗೆ ಬರುವಾಗ ಇವನು ಒಂದು ಚೀಲ ಕಲ್ನಾರು ತಂದುಕೊಟ್ಟ. ಬೆಳ್ಳಗೆ, ಹಗುರ, ಸುಡದ ಹಿಮ! ಪಾದ್ರಿಗಳು ಪೂಜೆಯ ಕೊನೆಗೆ ಅವನ ಹೆಸರು ಹೇಳಿ ಹೊಗಳಿದರು. ಆಮೇಲೆ ಆರು ವರ್ಷ, ಪ್ರತಿ ಕ್ರಿಸ್‌ಮಸ್‌ಗೆ ಮಕ್ಕಳು ಅದನ್ನು ಬಾಯಲ್ಲಿ ಊದಿ ಗೋದಲಿಯ ಹುಲ್ಲುಮಾಡಿಗೆ ಹರಡಿದರು, ಮಿಕ್ಕಿದ್ದನ್ನು ಒಬ್ಬರ ಮೇಲೊಬ್ಬರು ಎರಚಿಕೊಂಡರು. ಅವರಲ್ಲಿ ಅವನ ಮೊಮ್ಮಗಳು ಲೊರ್ನಾಳೂ ಇದ್ದಳು.

ಡಾಕ್ಟರು ಹಾಳೆ ಕೆಳಗಿಟ್ಟರು. "ಏನೂ ಆಗದೆಯೂ ಇರಬಹುದು. ಆದರೆ ಇಪ್ಪತ್ತು ಮೂವತ್ತು ವರ್ಷದ ಮೇಲೆ ಅವರಿಗೆ ಕೆಮ್ಮು ಬಂದರೆ, ನೋಡುವ ಡಾಕ್ಟರಿಗೆ ಈ ಸಂಗತಿ ಗೊತ್ತಿರಬೇಕು."

"ಅಷ್ಟೊತ್ತಿಗೆ ಹೇಳಲಿಕ್ಕೆ ನಾನಿರುವುದಿಲ್ಲವಲ್ಲ."

ಡಾಕ್ಟರು ಹಾಳೆಯನ್ನು ಲಕೋಟೆಗೆ ಹಾಕಿ ಅವನ ಕೈಗೆ ಕೊಟ್ಟರು.

ಊರಲ್ಲಿ ಬಸ್ಸಿಳಿದ ಸ್ಟ್ಯಾನಿಸ್ಲಾಸ್ ಮನೆಗೆ ಹೋಗದೆ ನೇರ ಇಗರ್ಜಿಯ ಪಾದ್ರಿ ಫಾದರ್ ಇಮ್ಯಾನುಯೆಲ್ ಹತ್ತಿರ ಹೋದ. ಉಳಿದ ಹಿಮವನ್ನು ಧೂಳೇಳದಂತೆ ಒದ್ದೆ ಮಾಡಿ ಆಳಕ್ಕೆ ಹೂಳಬೇಕೆಂದ. ಆಮೇಲೆ, ಅದನ್ನು ಊದಿ ಆಡಿದ ಹದಿನಾಲ್ಕು ಮಕ್ಕಳ ವಿಷಯವನ್ನು, ಕೂಸುಗಳ ಜ್ಞಾನಸ್ನಾನ ಬರೆದಿಡುವ ಪುಸ್ತಕದಲ್ಲಿ ಅವರವರ ಹೆಸರಿನ ಎದುರು ಬರೆದಿಡಬೇಕೆಂದ. ಆ ಪುಸ್ತಕವನ್ನು ಯಾರೂ ಬಿಸಾಡುವುದಿಲ್ಲ. ಎಲ್ಲಿಗೇ ಹೋಗಿರಲಿ, ಮದುವೆಯಾಗಬೇಕಾದರೆ ಅದರ ನಕಲಿಗೆ ಇಲ್ಲಿಗೇ ಬರಬೇಕು.

"ಈ ಜಾಗದಲ್ಲಿ ಮದುವೆಯನ್ನು ಬರೆಯುವುದು ಸ್ಟ್ಯಾನಿ," ಎಂದರು ಫಾದರ್, ಪುಸ್ತಕ ತೆರೆದು ಹೆಸರಿನ ಎದುರಿನ ಖಾಲಿ ಅಂಕಣ ತೋರಿಸಿ.

"ಇದೂ ಹಾಗೇ ಫಾದರ್. ಸಾಯುವ ತನಕ ಜೊತೆಗಿರುತ್ತದೆ."

ಫಾದರ್ ಪೆನ್ನನ್ನು ಶಾಯಿಗದ್ದಿದರು. "ಮೊದಲು ಯಾರು?"

"ಲೊರ್ನಾ," ಎಂದ ಸ್ಟ್ಯಾನಿಸ್ಲಾಸ್. "ಅಂಗೈಯಲ್ಲಿ ಹಿಡಿದು, ಬಾಯಿಯ ಹತ್ತಿರ ತಂದು, ಊದುವುದು ಹೇಗೆಂದು ಅವಳಿಗೆ ಕಲಿಸಿದ್ದು ನಾನೇ."