ಮಳೆಕೋಣೆಯ ಪ್ರಸಾದ

ಹೊರಗಿನ ಲೋಕದಲ್ಲಿ ಕಾಡೂ ಇಲ್ಲ, ಹಿಮವೂ ಇಲ್ಲ ಎಂದಾದ ಮೇಲೆ, ಕಡಲ ದಂಡೆಯ ನಮ್ಮೂರ ಶಾಲೆಯಲ್ಲಿ ಭೂಗೋಳದ ಪಾಠಕ್ಕೆಂದು ಎರಡು ಗಾಜಿನ ಕೋಣೆಗಳಿದ್ದವು. ಒಂದರಲ್ಲಿ ದಿನವೂ ಮಳೆ ಸುರಿದು ಕಾಡು ಬೆಳೆದಿತ್ತು. ಇನ್ನೊಂದರಲ್ಲಿ ಹಿಮದ ಮೇಲೆ ಪೆಂಗ್ವಿನ್‌ಗಳು ಓಡಾಡುತ್ತಿದ್ದವು. ಈ ಬೇಸಿಗೆಯಲ್ಲಿ ಕರೆಂಟು ಒಂದೇ ಕೋಣೆಗೆ ಸಾಲುವಂತಿತ್ತು. ಯಾವುದನ್ನು ಉಳಿಸಬೇಕೆಂದು ಊರವರು ವಾಡಿಕೆಯಂತೆ ಅಮ್ಮನವರಲ್ಲಿ ಪ್ರಸಾದ ಕೇಳಿದರು.

ಪೂಜೆಯ ಹಮ್ಮಣ್ಣ ಗುನಗರು ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿದರು. “ಬಲದ್ದು ಬಿದ್ರೆ ಕಾಡು, ಎಡದ್ದು ಬಿದ್ರೆ ಹಿಮ. ಹೇಳ್ಬಿಡು ತಾಯೇ.”

ನಾಗವೇಣಿ ಟೀಚರ್ ಕೈಮುಗಿದು ಬಲದ ಹೂವನ್ನೇ ನೋಡುತ್ತಿದ್ದರು. ಮಳೆಕೋಣೆಯ ಹೆಣ್ಣು ಮಂಗಟ್ಟೆ ಹಕ್ಕಿ ಪೊಟರೆಯ ಬಾಯಿಗೆ ಮಣ್ಣು ಮೆತ್ತಿಕೊಂಡು, ಒಳಗೇ ಮೊಟ್ಟೆಯಿಟ್ಟು ಕೂತಿತ್ತು. ಗಂಡು ಹಕ್ಕಿ ಸಣ್ಣ ಬಿರುಕಿನಲ್ಲಿ ಹಣ್ಣು ಉಣಿಸುತ್ತಿತ್ತು.

ಎಡದ ಹೂ ಬಿತ್ತು.

“ಗುನಗರೇ, ಇನ್ನೊಂದ್ಸಲ ಕೇಳೂಕೆ ಆಗೂದಿಲ್ವಾ? ಮರಿ ಹಾರೂವರೆಗಾದ್ರೂ?”

“ಮತ್ತೆ ಕೇಳೂದಂದ್ರೆ ಅಮ್ಮನ ಮಾತು ಸುಳ್ಳು ಅಂದಂಗೆ, ಟೀಚರ್ರೇ.”

ಹುಟ್ಟಿದಾಗಿನಿಂದ ನಂಬಿದ ತಾಯಿ. ಟೀಚರ್ ಮಕ್ಕಳನ್ನು ಮಳೆಕೋಣೆಗೆ ಕರೆದುಕೊಂಡು ಹೋಗಿ ತಮ್ಮ ಕೈಯಾರೆ ಮಳೆ ನಿಲ್ಲಿಸಿದರು. ಎಲೆಗಳ ಮೇಲಿನ ಸದ್ದು ಅಡಗಿತು. ಗಂಡು ಮಂಗಟ್ಟೆ ಅತ್ತಿಹಣ್ಣು ಕಚ್ಚಿಕೊಂಡು ಬಂದು ಪೊಟರೆಗೆ ಕೊಕ್ಕು ಚಾಚಿತು.

“ಟೀಚರ್, ಮಳೆಕಾಡಿನ ಪಾಠ ಇನ್ನು ಪರೀಕ್ಷೆಗೆ ಬರೂದಿಲ್ವಾ?” ಎಂದು ತನುಜಾ ಎಂಬ ಹುಡುಗಿ ಕೇಳಿದಳು.

“ಇಲ್ಲ ಮಗಾ.”

ಒಂದು ಪಾಠ ಕಡಿಮೆಯಾಯಿತೆಂದು ಮಕ್ಕಳೆಲ್ಲ ಚಪ್ಪಾಳೆ ತಟ್ಟಿ ಕುಣಿದರು.