ಬೆನ್ನಿನ ನಡುವಿನ ಹೊಲಿಗೆ

ಇದನ್ನು ಅರ್ಧ ಓದಿ ಮುಂದಕ್ಕೆ ತಳ್ಳಬೇಡಿ... ಪೂರ್ತಿ ಓದಿ. ಆಮೇಲೂ ಯಾರಿಗಾದರೂ ಕಳಿಸಬೇಕು ಅನ್ನಿಸಿದರೆ ಕಳಿಸಿ.

ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಸುಗುಣ ಅಂತ ಒಬ್ಬಳು ಸೊಸೆ. ಮನೆಯಲ್ಲೇ ಮಿಷನ್ ಇಟ್ಟುಕೊಂಡು ರವಿಕೆ, ಲಂಗ ಹೊಲಿಯುತ್ತಿದ್ದಳು.

ಅವಳ ಅತ್ತೆ ಚಿಕ್ಕತಾಯಮ್ಮ. ಬಾಯಿ ಜೋರು... ಯಾರನ್ನೂ ಹೊಗಳಿ ಅಭ್ಯಾಸವೇ ಇಲ್ಲ.

ಮದುವೆಯಾದ ಹೊಸತರಲ್ಲಿ ಸುಗುಣ ಆಸೆಪಟ್ಟು ಅತ್ತೆಗೊಂದು ರವಿಕೆ ಹೊಲಿದು ಕೊಟ್ಟಿದ್ದಳು. ಅತ್ತೆ ಅದನ್ನು ತೊಟ್ಟು, ಪಕ್ಕದ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ, ನೆಂಟರ ಮುಂದೆಯೇ ಅಂದುಬಿಟ್ಟರು.

"ಗೋಣಿಚೀಲ ಹೊಲ್ದಂಗೆ ಹೊಲ್ದಿದ್ದೀಯಲ್ಲವ್ವ... ರಾಗಿ ತುಂಬಾದಾ ಇದ್ಕೆ?"

ಎಲ್ಲರೂ ನಕ್ಕರು. ಹದಿನೆಂಟು ವರ್ಷವಾದರೂ ಆ ಮಾತು ಸುಗುಣಳ ಎದೆಯಿಂದ ಇಳಿದಿರಲಿಲ್ಲ.

ಹೋದ ವರ್ಷ ಚಿಕ್ಕತಾಯಮ್ಮನಿಗೆ ಲಕ್ವ ಹೊಡೆಯಿತು. ಬಲಭಾಗ ಪೂರ್ತಿ ಬಿದ್ದುಹೋಯಿತು. ಮಾತೂ ಹೋಯಿತು. ಎಡಗಾಲಲ್ಲೂ ತ್ರಾಣವಿಲ್ಲ, ಮಗ್ಗುಲು ತಿರುಗಲೂ ಆಗದು. ಉಳಿದದ್ದು ಎಡಗೈ ಒಂದೇ.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಅಂತ ಬೀದಿಯ ಹೆಂಗಸರು ಮುಸಿಮುಸಿ ನಕ್ಕರು. ಸುಗುಣ ನಗಲಿಲ್ಲ.

ಅವಳಿಗಿದ್ದದ್ದು ಒಂದೇ ಹಟ... ಈ ಅತ್ತೆಯಿಂದ ಒಂದು ಸಲವಾದರೂ ಭೇಷ್ ಅನ್ನಿಸಿಕೊಳ್ಳಬೇಕು. ಬಾಯಲ್ಲಿ ಆಗದಿದ್ದರೆ ಕಣ್ಣಲ್ಲಾದರೂ ಸರಿ.

ಮಲಗಿದವರಿಗೆ ಸೀರೆ ಉಡಿಸುವುದು ಆಗದ ಮಾತು. ಅಂಗಡಿಯ ನೈಟಿಯನ್ನು ತಲೆಯಿಂದ ತೂರಿಸಲು ಒಬ್ಬಳ ಕೈ ಸಾಲದು.

ಸುಗುಣ ಬೀರುವಿನಿಂದ ಹಳೇ ಬೆಡ್‌ಶೀಟುಗಳನ್ನು ತೆಗೆದಳು. ಒಗೆದೂ ಒಗೆದೂ ಮೆತ್ತಗಾಗಿದ್ದ ಹತ್ತಿಬಟ್ಟೆ. ಮುಂದುಗಡೆ ಪೂರ್ತಿ ತೆರೆದು ಲಾಡಿ ಕಟ್ಟುವ ಹಾಗೆ ನಾಲ್ಕು ನೈಟಿ ಹೊಲಿದಳು.

ಹಳೇ ಬೆಡ್‌ಶೀಟು ಸವೆಯುವುದು ನಡುವೆ, ಅಂಚು ಗಟ್ಟಿಯಾಗಿಯೇ ಇರುತ್ತದೆ. ಹಾಗಾಗಿ ಸವೆದ ನಡುಭಾಗ ಕತ್ತರಿಸಿ ತೆಗೆದು, ಎರಡು ಗಟ್ಟಿ ಅಂಚುಗಳನ್ನು ಬೆನ್ನಿನ ಮಧ್ಯಕ್ಕೆ ತಂದು ಜೋಡಿಸಿದಳು.

ಎಲ್ಲೂ ಬಿಚ್ಚಿಕೊಳ್ಳಬಾರದೆಂದು ಬಟ್ಟೆ ಮಡಿಸಿ ಡಬಲ್ ಹೊಲಿಗೆ ಹಾಕಿದಳು. ಅತ್ತೆ ಈ ಸಲ ತಪ್ಪು ಹುಡುಕಬಾರದು ನೋಡಿ...

ಮೊದಲ ನೈಟಿ ಹಾಕಿ ಒಂದು ಗಂಟೆಯೂ ಆಗಿರಲಿಲ್ಲ. ಚಿಕ್ಕತಾಯಮ್ಮನ ಎಡಗೈ ಮೆಲ್ಲಗೆ ಸೊಂಟದ ಹತ್ತಿರ ಹೋಯಿತು. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿತು. ಮತ್ತೆ ಜಗ್ಗಿತು.

ಸುಗುಣಳ ಮೈ ಉರಿದುಹೋಯಿತು. ಅದೇ ಎರಡು ಬೆರಳು... ಅದೇ ಜಗ್ಗಾಟ.

"ಬಾಯಿ ಬಿದ್ದೋದ್ರೂ ಕೊಂಕು ಬಿಡ್ಲಿಲ್ವಲ್ಲ ಅತ್ತೆ ನೀವು. ಸಾಯೋಗಂಟ ನನ್ ಹೊಲಿಗೆ ನಿಮ್ಗೆ ಹಿಡ್ಸಲ್ಲ ಬಿಡಿ."

ಅತ್ತೆ ಜಗ್ಗಿ ಓರೆ ಮಾಡಿದಾಗಲೆಲ್ಲ ಸುಗುಣ ನೈಟಿಯನ್ನು ಮತ್ತೆ ನೇರ ಮಾಡುತ್ತಿದ್ದಳು. ಹೊಲಿಗೆ ಸರಿಯಾಗಿ ನಡುಬೆನ್ನಿಗೇ ಬರುವಂತೆ, ಅಚ್ಚುಕಟ್ಟಾಗಿ.

ದಿನ ಕಳೆದಂತೆ ಅತ್ತೆಯ ಬೆನ್ನು ಕೆಂಪಗಾಗಿ ಹುಣ್ಣಾಯಿತು. ಮಲಗಿದಲ್ಲೇ ಇರುವವರಿಗೆ ಅದು ಇದ್ದದ್ದೇ ಅಂದರು ಎಲ್ಲರೂ. ಸುಗುಣ ಮುಲಾಮು ಹಚ್ಚಿದಳು. ಅದರ ಮೇಲೆ ಇನ್ನೊಂದು ನೈಟಿ ಹಾಕಿದಳು.

ಒಂದು ದಿನ ಅತ್ತೆಯನ್ನು ನೋಡಲು ನೆಂಟರು ಬರುವವರಿದ್ದರು. ಆ ಕೈ ಬೆಳಗಿನಿಂದ ಸುಮ್ಮನಿರಲಿಲ್ಲ. ಇವರ ಮುಂದೆ ಮತ್ತೆ ಮಾನ ಕಳೆಯುತ್ತಾರೆ ಅನ್ನಿಸಿತು ಸುಗುಣಳಿಗೆ.

ಬೆಡ್‌ಶೀಟಿನಲ್ಲಿ ಉಳಿದಿದ್ದ ಒಂದು ಪಟ್ಟಿ ತೆಗೆದುಕೊಂಡಳು. ಆ ಎಡಗೈಯನ್ನು ಮಂಚದ ಕಂಬಿಗೆ ಕಟ್ಟಿದಳು.

ಚಿಕ್ಕತಾಯಮ್ಮ ಸೊಸೆಯ ಮುಖವನ್ನೇ ನೋಡಿದರು. ಕಣ್ಣಂಚಿನಿಂದ ನೀರು ಇಳಿದು ಕಿವಿಯವರೆಗೆ ಹೋಯಿತು.

ಹಟ ನಡೆಯಲಿಲ್ಲವಲ್ಲ ಅಂತ ಅಳು... ಅಂದುಕೊಂಡಳು ಸುಗುಣ.

ಅದಾದ ಹನ್ನೆರಡನೇ ದಿನಕ್ಕೆ ಅತ್ತೆ ಹೋದರು.

ಅವರ ಹಾಸಿಗೆ, ದಿಂಬು, ತೊಟ್ಟ ನೈಟಿಗಳನ್ನೆಲ್ಲ ಪದ್ಧತಿಯಂತೆ ಊರಾಚೆ ಬಿಸಾಡಿ ಬಂದರು. ಆ ನಾಲ್ಕರ ನಂತರ ಹೊಲಿದು, ಅತ್ತೆಗೆ ಇನ್ನೂ ತೊಡಿಸದಿದ್ದ ಐದನೆಯದು ಮಾತ್ರ ಮಿಷನ್ ಮೇಲೆಯೇ ಉಳಿದಿತ್ತು.

ತಿಥಿ ಮುಗಿದ ಮಾರನೇ ದಿನ ಮಧ್ಯಾಹ್ನ. ಬಿಸಿಲು, ಸುಸ್ತು. ಯಾರೂ ತೊಡದ ಬಟ್ಟೆ ದಂಡ ಯಾಕೆ ಅಂತ ಸುಗುಣ ಅದನ್ನು ತಾನೇ ಹಾಕಿಕೊಂಡು, ಅತ್ತೆಯ ಬರೀ ಮಂಚಕ್ಕೆ ಚಾಪೆ ಹಾಸಿ ಅಂಗಾತ ಮಲಗಿದಳು.

ಐದು ನಿಮಿಷ... ಹತ್ತು ನಿಮಿಷ... ನಡುಬೆನ್ನಲ್ಲಿ ಏನೋ ಒತ್ತತೊಡಗಿತು.

ಕಾಲು ಗಂಟೆಗೆ ಹಗ್ಗದ ಮೇಲೆ ಮಲಗಿದ ಹಾಗೆ ಉರಿ ಎದ್ದಿತು. ಅರೆನಿದ್ದೆಯಲ್ಲಿ ಅವಳ ಎಡಗೈ ತಾನಾಗಿ ಸೊಂಟದ ಹತ್ತಿರ ಹೋಯಿತು. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಜಗ್ಗಿತು.

ಕೈ ಅಲ್ಲೇ ನಿಂತುಹೋಯಿತು.

ಅತ್ತೆ ಕೊಂಕು ತೆಗೆಯುತ್ತಿರಲಿಲ್ಲ. ಬೆನ್ನಿನ ಕೆಳಗಿನ ಆ ದಪ್ಪ ಹೊಲಿಗೆಯನ್ನು ಒಂದಿಷ್ಟು ಆಚೆ ಸರಿಸಿಕೊಳ್ಳುತ್ತಿದ್ದರು... ಅಷ್ಟೇ.

ಸುಗುಣ ಮಗ್ಗುಲು ತಿರುಗಬಲ್ಲಳು. ಅತ್ತೆಗೆ ಮಗ್ಗುಲೂ ಇರಲಿಲ್ಲ, ಬಾಯಿಯೂ ಇರಲಿಲ್ಲ. ಇದ್ದ ಒಂದು ಕೈಯನ್ನು ಇವಳೇ ಕಟ್ಟಿದ್ದಳು.

"ಅತ್ತೆ... ಒಂದೇ ಒಂದ್ಸಲ ಬಯ್ದುಬಿಡಿ ಅತ್ತೆ."

ಬರೀ ಮಂಚದ ಮೇಲೆ ಕೂತು ಎಷ್ಟು ಅತ್ತರೂ ಬಯ್ಯುವವರು ಯಾರೂ ಇರಲಿಲ್ಲ.

ಈಗ ಹಾಸಿಗೆ ಹಿಡಿದವರ ಮನೆಯವರು ಸುಗುಣಳ ಹತ್ತಿರ ಹಳೇ ಬೆಡ್‌ಶೀಟು ತಂದುಕೊಡುತ್ತಾರೆ. ಅವಳು ಹೊಲಿಯುವ ನೈಟಿಯ ಬೆನ್ನಿಗೆ ಒಂದೇ ತುಂಡು, ಹೊಲಿಗೆಯೆಲ್ಲ ಪಕ್ಕಕ್ಕೆ. ಕೊಡುವ ಮುಂಚೆ ಅದನ್ನು ತೊಟ್ಟು ಅರ್ಧ ಗಂಟೆ ಅಲುಗಾಡದೆ ಮಲಗುತ್ತಾಳೆ. ಆಮೇಲೆ ಒಗೆದು ಮಡಿಸಿ ಕೊಡುತ್ತಾಳೆ.

"ಭೇಷ್ ಕಣಮ್ಮ, ಏನ್ ಚೆಂದಾಗ್ ಹೊಲ್ದಿದ್ದೀಯ" ಅನ್ನುತ್ತಾರೆ ಜನ.

ಹದಿನೆಂಟು ವರ್ಷ ಕಾದ ಮಾತು... ಈಗ ಅದನ್ನು ಕೇಳಿದರೆ ಅವಳಿಗೆ ಊಟ ಸೇರುವುದಿಲ್ಲ.

*

ಹಳೇ ಮಾತಿನ ಸಿಟ್ಟು ಮನಸ್ಸಿನಲ್ಲಿದ್ದರೆ, ಇವತ್ತಿನ ನೋವೂ ಕೊಂಕಿನ ಹಾಗೆಯೇ ಕಾಣುತ್ತದೆ.

ನಿಮ್ಮ ಮನೆಯಲ್ಲೂ ಮಾತು ಸೋತ ಕೈಯೊಂದು ಏನನ್ನೋ ಜಗ್ಗುತ್ತಿರಬಹುದು... ನೀವು ಅದನ್ನು ಕೇಳುತ್ತಿದ್ದೀರಾ, ಇಲ್ಲ ಕಟ್ಟುತ್ತಿದ್ದೀರಾ?